ಹಣವಾಗದೆ ಉಳಿದ ನೋಟುಗಳು

ಕಳೆದ ತಿಂಗಳು ರಾಯಚೂರಿನಿಂದ ನನ್ನ ಸೋದರಮಾವ ಫೋನ್ ಮಾಡಿದ್ದರು. ಅವರ ಬಳಿ ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟೊಂದಿದೆ, ಅದರ ಸಂಖ್ಯೆ 786ರಲ್ಲಿ ಮುಗಿಯುತ್ತದೆ, ವಾಟ್ಸಾಪ್‌ನಲ್ಲಿ ಯಾರೋ ಅದಕ್ಕೆ ಲಕ್ಷಗಟ್ಟಲೆ ಕೊಡುತ್ತಾರಂತೆ, ಆದರೆ ಮೊದಲು ನೋಂದಣಿ ಶುಲ್ಕ ಕಟ್ಟಬೇಕಂತೆ. ಒಂದು ಪೈಸೆಯನ್ನೂ ಕಟ್ಟಬೇಡಿ ಮಾವ ಎಂದೆ. ತನ್ನ ಹೆಸರು ಹೇಳಿಕೊಂಡು ಹಳೆಯ ನೋಟಿನ ವ್ಯಾಪಾರಕ್ಕೆ ಶುಲ್ಕ, ಕಮಿಷನ್ ಕೇಳುವವರನ್ನು ನಂಬಬಾರದೆಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಅದಿರಲಿ, ಲೆಕ್ಕ ಹಾಕಿದರೂ ಸಾಕು: ಪ್ರತಿ ಸಾವಿರ ನೋಟಿಗೆ ಒಂದು 786ರಲ್ಲಿ ಮುಗಿಯಲೇಬೇಕು. ಆ ಸಂಖ್ಯೆಯನ್ನು ಪವಿತ್ರವೆಂದು ಬಗೆದು ನಾಲ್ಕು ಕಾಸು ಹೆಚ್ಚು ಕೊಡುವವರು ಇದ್ದಾರೆ, ನಿಜ. ಆದರೆ ಲಕ್ಷದ ಮಾತು ಬೇರೆ.

ನಾನು ಗಮನಿಸಿದಂತೆ, ಉಳಿಯಬಾರದಿದ್ದ ನೋಟು ಹೇಗೋ ಉಳಿದುಕೊಂಡಾಗ ಅದಕ್ಕೆ ನಿಜವಾದ ಬೆಲೆ ಬರುತ್ತದೆ. 1959ರಲ್ಲಿ ರಿಸರ್ವ್ ಬ್ಯಾಂಕ್ ಹಜ್ ಯಾತ್ರಿಕರಿಗೆಂದೇ ಹತ್ತು ಮತ್ತು ನೂರು ರೂಪಾಯಿಯ ವಿಶೇಷ ನೋಟುಗಳನ್ನು ಹೊರಡಿಸಿತು. ಸಂಖ್ಯೆಯ ಮುಂದೆ ‘ಎಚ್‌ಎ’ ಎಂಬ ಅಕ್ಷರಗಳಿದ್ದ ಈ ನೋಟುಗಳು ಭಾರತದೊಳಗೆ ಚಲಾವಣೆಗೆ ಬರುತ್ತಿರಲಿಲ್ಲ. ಕೊಲ್ಲಿ ಪ್ರದೇಶದಿಂದ ಭಾರತೀಯ ರೂಪಾಯಿ ಕೊಟ್ಟು ಚಿನ್ನವನ್ನು ಕಳ್ಳಸಾಗಣೆ ಮಾಡುತ್ತಿದ್ದವರನ್ನು ತಡೆಯುವುದಕ್ಕಾಗಿ ಅದೇ ವರ್ಷ ಆ ದೇಶಗಳಿಗೂ ಬೇರೆ ಬಣ್ಣದ ನೋಟುಗಳನ್ನು ಮುದ್ರಿಸಲಾಯಿತು. ಎರಡೂ ಬಗೆಯವು ಬ್ಯಾಂಕಿಗೆ ಮರಳಿ ನಾಶವಾಗಬೇಕಾದವು. ಕೈತಪ್ಪಿ ಉಳಿದ ಕೆಲವಕ್ಕಾಗಿ ಇಂದು ಹರಾಜಿನಲ್ಲಿ ಪೈಪೋಟಿ ನಡೆಯುತ್ತದೆ.

ನನಗೆ ಇವೆಲ್ಲಕ್ಕಿಂತ ಪ್ರಿಯವಾದವು ಹೈದರಾಬಾದ್ ಸಂಸ್ಥಾನದ ಸ್ವಂತ ಹಣವಾಗಿದ್ದ ಉಸ್ಮಾನಿಯಾ ಸಿಕ್ಕಾ ನೋಟುಗಳು. ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳು ಆಗ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ, ಉರ್ದು, ತೆಲುಗು, ಮರಾಠಿ, ಇಂಗ್ಲಿಷಿನ ಜೊತೆಗೆ ಕನ್ನಡದ ಬರಹವೂ ಅವುಗಳ ಮೇಲಿರುತ್ತಿತ್ತು. ಇಂಗ್ಲೆಂಡಿನ ವಾಟರ್‌ಲೋ ಕಂಪನಿಯಲ್ಲಿ ಅಚ್ಚಾದ ಇಂಥ ನೋಟುಗಳ ಒಂದು ಸರಕನ್ನು ಚಿನ್ನ, ಬೆಳ್ಳಿಗಳೊಂದಿಗೆ ಹೊತ್ತು ಮುಂಬಯಿಗೆ ಹೊರಟಿದ್ದ ‘ಈಜಿಪ್ಟ್’ ಎಂಬ ಹಡಗು, 1922ರ ಮೇ 20ರಂದು ಫ್ರಾನ್ಸಿನ ಬ್ರಿಟನಿ ಕರಾವಳಿಯಾಚೆ ದಟ್ಟ ಮಂಜಿನಲ್ಲಿ ‘ಸೀನ್’ ಎಂಬ ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಹತ್ತು ವರ್ಷಗಳ ನಂತರ, 1932ರಲ್ಲಿ, ‘ಆರ್ಟಿಗ್ಲಿಯೊ’ ಎಂಬ ಇಟಲಿಯ ನೌಕೆಯವರು ನೂರು ಮೀಟರಿಗಿಂತ ಆಳದಿಂದ ಚಿನ್ನವನ್ನು ಎತ್ತುವಾಗ ಆ ನೋಟುಗಳೂ ಮೇಲೆ ಬಂದವು. ಹೈದರಾಬಾದಿಗೆ ತಲುಪಿದ ಮೇಲೆ ಬೀಳಬೇಕಿದ್ದ ಸಹಿ ಅವಕ್ಕಿರಲಿಲ್ಲ. ಒಂದು ಸೇರು ಜೋಳವನ್ನೂ ಕೊಳ್ಳದ, ಕಾನೂನಿನ ಕಣ್ಣಿನಲ್ಲಿ ಹಣವೇ ಆಗದ ಈ ಕಲೆಬಿದ್ದ ಕಾಗದಗಳನ್ನು ಸಂಗ್ರಾಹಕರು ಆ ಕಲೆಗಳ ಸಲುವಾಗಿಯೇ ಹುಡುಕುತ್ತಾರೆ.

ಉಳಿದ ನೋಟುಗಳಿಗೆ ಈ ರಿಯಾಯಿತಿ ಇಲ್ಲ. ನಡುವೆ ಒಂದು ಮಡಿಕೆ ಬಿದ್ದರೂ ಬೆಲೆ ಇಳಿಯುತ್ತದೆ. ಬ್ಯಾಂಕುಗಳು ಕಟ್ಟುಗಳಿಗೆ ಪಿನ್ನು ಹೊಡೆಯುತ್ತಿದ್ದ ಕಾಲದ ನೋಟಾದರೆ ಎಡಬದಿಯ ತೂತುಗಳನ್ನು ಮನ್ನಿಸುತ್ತಾರೆ. ಆದರೆ ತೊಳೆದದ್ದನ್ನು, ಇಸ್ತ್ರಿ ಮಾಡಿದ್ದನ್ನು ಬಲ್ಲವರು ಮನ್ನಿಸುವುದಿಲ್ಲ, ಏಕೆಂದರೆ ಅಚ್ಚಿನ ಉಬ್ಬು ಚಪ್ಪಟೆಯಾಗಿ, ಕಾಗದದ ಗರಿಗರಿತನ ಶಾಶ್ವತವಾಗಿ ಹೋಗಿರುತ್ತದೆ. ಇನ್ನೊಂದು ಮಾತು: 2016ರಲ್ಲಿ ರದ್ದಾದ ಐನೂರು, ಸಾವಿರದ ನೋಟುಗಳನ್ನು ಹತ್ತಕ್ಕಿಂತ ಹೆಚ್ಚು, ಅಧ್ಯಯನಕ್ಕೋ ಸಂಗ್ರಹಕ್ಕೋ ಆದರೆ ಇಪ್ಪತ್ತೈದಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದನ್ನು 2017ರ ಕಾಯ್ದೆ ನಿಷೇಧಿಸುತ್ತದೆ.

ಇಷ್ಟನ್ನೂ ಮಾವನಿಗೆ ವಿವರಿಸುತ್ತಿದ್ದಾಗ, ಅಜ್ಜನ ಟ್ರಂಕಿನಲ್ಲಿ ಕನ್ನಡ ಅಕ್ಷರವಿರುವ ನಿಜಾಮರ ಕಾಲದ ನೋಟೊಂದು ಇತ್ತೆಂದು ಅವರಿಗೆ ನೆನಪಾಯಿತು. ನಾನು ಉಸಿರು ಬಿಗಿಹಿಡಿದು ಹೇಗಿದೆ ಎಂದು ಕೇಳಿದೆ. “ಚಲೋ ಅದ, ಮುದುಡಿತ್ತು, ನಿಮ್ಮತ್ತೆ ಹೋದ ದೀಪಾವಳಿಗೆ ಇಸ್ತ್ರಿ ಮಾಡಿ ಇಟ್ಟಾಳ,” ಎಂದರು.