ಟೀವಿ ಯಕ್ಷಗಾನಕ್ಕೆ ಚಾಪ್ಟರ್: ಕೆಲಸ ಎಲ್ಲಿಗೆ ಬಂತು

ಟೀವಿಯಿಂದ ರೆಕಾರ್ಡ್ ಮಾಡಿದ ಯಕ್ಷಗಾನಕ್ಕೆ ತಾನೇ ಚಾಪ್ಟರ್ (ಬೇಕಾದ ಜಾಗಕ್ಕೆ ನೇರ ಹೋಗುವ ಗುರುತು) ಹಾಕುವ ಪ್ರೋಗ್ರಾಮ್ ಬರೆಯುತ್ತಿದ್ದೇನೆ. ಅದರಲ್ಲಿ ತಾಳದ ಸದ್ದು ಹಿಡಿಯುವ ಭಾಗ ಅಂತೂ ಕೆಲಸ ಮಾಡಲು ಶುರುಮಾಡಿದೆ. ಅದಕ್ಕೇ ಈ ಟಿಪ್ಪಣಿ.

ಶಿರಸಿಯ ನಮ್ಮನೆಯಲ್ಲಿ ಅಪ್ಪಚ್ಚಿ (ಚಿಕ್ಕಪ್ಪ) ಟೀವಿಯಲ್ಲಿ ಬಂದ ಆಟಗಳನ್ನೆಲ್ಲ ಸೆಟ್ ಟಾಪ್ ಬಾಕ್ಸಿಗೆ ಪೆನ್ ಡ್ರೈವ್ ಸಿಕ್ಕಿಸಿ ರೆಕಾರ್ಡ್ ಮಾಡಿಟ್ಟಿದ್ದಾರೆ. ಒಂದೊಂದೂ ಗಂಟೆಗಟ್ಟಲೆ. ಬೇಕಾದ ಪದ (ಭಾಗವತರು ಹಾಡುವ ಹಾಡು) ಹುಡುಕಲು ರಿಮೋಟ್ ಒತ್ತಿ ಒತ್ತಿ ಸಾಕಾಗುತ್ತದೆ. ಜಾಹೀರಾತು ಎಲ್ಲಿ, ಪದ ಎಲ್ಲಿ, ಮಾತು ಎಲ್ಲಿ ಅಂತ ಕಂಪ್ಯೂಟರೇ ಗುರುತು ಹಾಕಬೇಕು, ಅಷ್ಟೇ.

ಮೊದಲು ತುಂಡುಗಳನ್ನು ಜೋಡಿಸಬೇಕು. ಪೆನ್ ಡ್ರೈವ್ ಫ್ಯಾಟ್32 ಎಂಬ ಹಳೆಯ ಮಾದರಿಯದ್ದು, ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಆದ್ದರಿಂದ ಅಷ್ಟು ಆದಕೂಡಲೇ ಬಾಕ್ಸ್ ಹೊಸ ಫೈಲ್ ಶುರುಮಾಡುತ್ತದೆ. ಇದೇನು ದೊಡ್ಡ ಕೆಲಸವಲ್ಲ.

ಜಾಹೀರಾತು ಗುರುತಿಸಲು ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದ ಬ್ಲ್ಯಾಕ್‌ಡಿಟೆಕ್ಟ್ ಫಿಲ್ಟರ್ ಸಾಕು. ಎರಡು ಜಾಹೀರಾತಿನ ನಡುವೆ ಪರದೆ ಚೂರು ಹೊತ್ತು ಕಪ್ಪಾಗುತ್ತದಲ್ವಾ, ಅದನ್ನು ಹಿಡಿಯುತ್ತದೆ. ಆದರೆ ಸುಮ್ನೆ ಓಡಿಸಿದರೆ 2 ಸೆಕೆಂಡಿಗಿಂತ ಕಡಿಮೆಯ ಕಪ್ಪನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಆ ಮಿತಿಯನ್ನು 0.1 ಸೆಕೆಂಡಿಗೆ ಇಳಿಸಿದ್ದೇನೆ.

ತಲೆನೋವು ಮಳೆಗಾಲದ ರೆಕಾರ್ಡಿಂಗ್‌ಗಳದ್ದು. ನಮ್ಮ ಕಡೆ ಜಡಿಮಳೆ ಹಿಡಿದರೆ ಡಿಶ್‌ಗೆ ಉಪಗ್ರಹದಿಂದ ಬರುವ ಕೆಯು ಬ್ಯಾಂಡ್ ಸಿಗ್ನಲ್ ಸೊರಗುತ್ತದೆ. ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ನಿಂತುಬಿಡುತ್ತದೆ, ಕಪ್ಪಾಗುತ್ತದೆ. ಪ್ರೋಗ್ರಾಮ್ ಅದನ್ನೆಲ್ಲ ಹೊಸ ದೃಶ್ಯ ಅಂದುಕೊಳ್ಳುತ್ತದೆ. ಇದಕ್ಕೆ ಮದ್ದು ಫೈಲಿನೊಳಗೇ ಇದೆ. ಬಾಕ್ಸ್ ಬರೆಯುವ ಟಿಎಸ್ ಫೈಲ್ ಅಂದರೆ 188 ಬೈಟಿನ ಪ್ಯಾಕೆಟ್‌ಗಳ (ಪುಟ್ಟ ತುಣುಕುಗಳ) ಸಾಲು. ವಿಡಿಯೊದ ಪ್ರತಿ ಪ್ಯಾಕೆಟ್ ಮೇಲೂ 0ಯಿಂದ 15ರವರೆಗೆ ಸುತ್ತುವ ಒಂದು ಸಂಖ್ಯೆ ಇರುತ್ತದೆ. 6 ಆದಮೇಲೆ 11 ಬಂತೋ, ನಡುವಿನದು ಮಳೆಗೆ ಹೋಯಿತು ಅಂತ ಅರ್ಥ. ಅಂಥ ಜಾಗದ ಅಕ್ಕಪಕ್ಕ ಸಿಕ್ಕ ಗುರುತುಗಳನ್ನೆಲ್ಲ ಅಳಿಸುತ್ತೇನೆ. ಜುಲೈನ ಫೈಲುಗಳೂ ಈಗ ನೋಡುವ ಹಾಗಾಗಿವೆ.

ಇನ್ನು ಆಟದ ಒಳಗಿನ ಭಾಗ. ಸುದ್ದಿ, ಧಾರಾವಾಹಿಗಾದರೆ ಚಿತ್ರ ಬದಲಾಗುವುದನ್ನು ನೋಡಿ ತುಂಡು ಮಾಡಬಹುದು. ಇಲ್ಲಿ ರಂಗಸ್ಥಳ ಅದೇ, ಬೆಳಕು ಅದೇ. ಕ್ಯಾಮೆರಾ ಭಾಗವತರಿಂದ ವೇಷಕ್ಕೆ ಹೋದರೆ ದೃಶ್ಯ ಬದಲಾಯಿತು ಅಂತಲ್ಲ. ಮೌನ ಹುಡುಕೋಣ ಅಂದರೆ ಮಾತಿನ ನಡುವೆಯೂ ಶ್ರುತಿ ಗುಂಯ್ ಅನ್ನುತ್ತಲೇ ಇರುತ್ತದೆ. ಚಂಡೆಯನ್ನೂ ನಂಬುವ ಹಾಗಿಲ್ಲ, ಎಲ್ಲ ಪದಕ್ಕೂ ಚಂಡೆ ಇರುವುದಿಲ್ಲ.

ಉಳಿದದ್ದು ಭಾಗವತರ ಕೈಯ ತಾಳ, ಅಂದರೆ ಪುಟ್ಟ ಕಂಚಿನ ಬಟ್ಟಲುಗಳ ಜೋಡಿ. ಪದ ಇದ್ದಷ್ಟು ಹೊತ್ತೂ ಅದು ಇರುತ್ತದೆ, ಮಾತು ಶುರುವಾದರೆ ನಿಲ್ಲುತ್ತದೆ. ಕಂಚಿನ ಸದ್ದು ಬೇರೆ, ತುಂಬಾ ಮೇಲಿನ ಕಂಪನಾಂಕದಲ್ಲೂ ಕೇಳುತ್ತದೆ. 6,000 ಹರ್ಟ್ಸ್‌ಗಿಂತ ಕೆಳಗಿನದನ್ನು ಸೋಸಿ ತೆಗೆದರೆ ಶ್ರುತಿ ಹೆಚ್ಚುಕಡಿಮೆ ಮಾಯ. ಮಾತಿನಲ್ಲಿ ಬರುವ ಸ, ಶ ಮಾತ್ರ ಉಳಿದುಕೊಂಡು ಕಾಡುತ್ತವೆ. ಆದರೆ ಅವು ಲಯಕ್ಕೆ ಬೀಳುವುದಿಲ್ಲ. ಒಂದೇ ಅಂತರದಲ್ಲಿ ಪೆಟ್ಟು ಬೀಳುತ್ತಿದ್ದರೆ ಪದ, ಇಲ್ಲದಿದ್ದರೆ ಮಾತು.

ಫೈಲ್ ಕತ್ತರಿಸುತ್ತಿಲ್ಲ. ಎಂಕೆವಿ ಎಂಬ ವಿಡಿಯೊ ಫೈಲ್ ಮಾದರಿಗೆ ಬದಲಿಸಿ ಚಾಪ್ಟರ್ ಗುರುತು ಸೇರಿಸುತ್ತೇನೆ. ಗುರುತು ತಪ್ಪಿದರೂ ರೆಕಾರ್ಡಿಂಗ್‌ಗೆ ಏನೂ ಆಗುವುದಿಲ್ಲ.

ಅಪ್ಪಚ್ಚಿಗೆ ತೋರಿಸಿದೆ. ‘ಪದ ಅರ್ಧಕ್ಕೇ ತುಂಡಾಗೋತಲೋ ತಮಾ’ ಅಂದರು. ವಿಳಂಬದ (ನಿಧಾನ ಲಯದ) ಪದಗಳಲ್ಲಿ ಪೆಟ್ಟಿನ ನಡುವಿನ ಅಂತರ ಜಾಸ್ತಿ, ಪ್ರೋಗ್ರಾಮ್ ಅದನ್ನು ಮಾತು ಅಂದುಕೊಂಡಿದೆ. ಕಾಯುವ ಸಮಯ ಹೆಚ್ಚಿಸಿ ನೋಡುತ್ತಿದ್ದೇನೆ. ಅದಾದ ಮೇಲೆ ಪರದೆಯ ಕೆಳಗೆ ಬರುವ ಕಲಾವಿದರ ಹೆಸರನ್ನು ಟೆಸೆರಾಕ್ಟ್‌ನಿಂದ (ಚಿತ್ರದಲ್ಲಿನ ಅಕ್ಷರ ಓದುವ ತಂತ್ರಾಂಶ) ಓದಿಸುವುದು. 576 ಗೆರೆಯ ಚಿತ್ರದಲ್ಲಿ ಒತ್ತಕ್ಷರಗಳೆಲ್ಲ ಕಲಸಿಹೋಗಿವೆ, ಮೂರು ಪಟ್ಟು ಹಿಗ್ಗಿಸಿ ಕೊಟ್ಟರೆ ಎಷ್ಟು ಓದುತ್ತದೆ ನೋಡಬೇಕು.