ಸಂಜೆಯ ಪಾದದ ಅಳತೆ

ಕಳೆದ ಫೆಬ್ರವರಿಯ ಒಂದು ಶುಕ್ರವಾರ, ಕಚೇರಿ ಮುಗಿಸಿಕೊಂಡು ಸಂಜೆ ಆರೂವರೆಗೆ ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನ ಚಪ್ಪಲಿ ಅಂಗಡಿಯೊಂದರ ಮೆಟ್ಟಿಲು ಹತ್ತಿದಾಗ ನನ್ನ ಕೈಚೀಲದಲ್ಲಿ ರಟ್ಟಿನ ಒಂದು ತುಂಡಿತ್ತು. ಹಿಂದಿನ ರಾತ್ರಿ ಎಂಟು ಗಂಟೆಗೆ ಅದರ ಮೇಲೆ ನೇರವಾಗಿ ನಿಂತು, ತಂಗಿಯ ಕೈಯಲ್ಲಿ ನನ್ನ ಬಲಗಾಲಿನ ಸುತ್ತ ಪೆನ್ಸಿಲ್ ಎಳೆಸಿ, ಆ ಗೆರೆಗುಂಟ ಕತ್ತರಿಸಿಟ್ಟುಕೊಂಡಿದ್ದೆ. ಮುಂದಿನ ವಾರದ ಗುರುವಾರ ಹಗಲು ಕಚೇರಿಯಲ್ಲಿ ಗ್ರಾಹಕ ಸಂಸ್ಥೆಯವರ ಮುಂದೆ ನಾನು ವರದಿ ಮಂಡಿಸಬೇಕಿತ್ತು. ಅದೇ ಸಂಜೆ ಮಲ್ಲೇಶ್ವರದಲ್ಲಿ ಸಹೋದ್ಯೋಗಿಯ ಮದುವೆಯ ಆರತಕ್ಷತೆ. ನಡುವೆ ಜಯನಗರದ ಮನೆಗೆ ಹೋಗಿ ಬರುವಷ್ಟು ಬಿಡುವಿರಲಿಲ್ಲ. ಬೆಳಿಗ್ಗೆ ಪ್ಯಾಂಟಿನ ಜೊತೆಗೂ ಸಂಜೆ ಮೈಸೂರು ರೇಷ್ಮೆ ಸೀರೆಯ ಜೊತೆಗೂ ಒಪ್ಪುವ, ಹದಿಮೂರು ಗಂಟೆ ಕಾಲಲ್ಲಿದ್ದರೂ ನೋಯಿಸದ ಒಂದು ಜೊತೆ ಹೀಲ್ಸ್ ನನಗೆ ಬೇಕಾಗಿತ್ತು.

ರಟ್ಟಿನ ಪಾದದ ಉಪಾಯ ಹೊಳೆದದ್ದು ಒಂದು ಕಹಿ ಅನುಭವದಿಂದ. ಎರಡು ವರ್ಷದ ಹಿಂದೆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ತಂಪಾದ ಅಂಗಡಿಯೊಂದರಲ್ಲಿ ನಾಲ್ಕು ಇಂಚಿನ ಪೆನ್ಸಿಲ್ ಹೀಲ್ ಕೊಂಡಿದ್ದೆ. ಕನ್ನಡಿಯಂತೆ ಹೊಳೆಯುವ ಕಪ್ಪು ಬಣ್ಣ, ಚೂಪಾದ ಮುಂತುದಿ. ಅಂಗಡಿಯ ರತ್ನಗಂಬಳಿಯ ಮೇಲೆ ನಾಲ್ಕು ಹೆಜ್ಜೆ ಇಟ್ಟಾಗ ಹೇಳಿ ಮಾಡಿಸಿದಂತೆ ಕೂತಿತ್ತು. ಮೊದಲ ದಿನ ಹಾಕಿಕೊಂಡು ಹೋದಾಗ ಮಧ್ಯಾಹ್ನ ಮೂರರ ಹೊತ್ತಿಗೆ ಕಿರುಬೆರಳು ಜೋಮು ಹಿಡಿಯಿತು, ಹಿಮ್ಮಡಿಯ ಮೇಲೆ ಗುಳ್ಳೆ ಎದ್ದಿತು. ಸಂಜೆ ಫುಟ್‌ಪಾತಿನ ಎರಡು ಚಪ್ಪಡಿಗಳ ನಡುವಿನ ಸಂದಿಗೆ ಹೀಲು ಸಿಕ್ಕಿ, ಅದರ ಮೇಲಿನ ತೆಳು ಚರ್ಮ ಬುಡದಿಂದ ಬೆರಳುದ್ದ ಸುಲಿದುಬಂತು. ದಿನವಿಡೀ ಕೂತು, ನಿಂತು, ನಡೆದು ದಣಿದ ಪಾದ ಸಂಜೆಯ ಹೊತ್ತಿಗೆ ತುಸು ಊದಿಕೊಂಡಿರುತ್ತದೆ. ಸೆಖೆಯ ದಿನಗಳಲ್ಲಿ ಇನ್ನೂ ಹೆಚ್ಚು. ಬೆಳಗಿನ ಪಾದಕ್ಕೆ ಸರಿಹೊಂದಿದ ಶೂ ಸಂಜೆಯ ಪಾದವನ್ನು ಒತ್ತುವುದು ಇದೇ ಕಾರಣಕ್ಕೆ. ಹಾಗಾಗಿ ಈ ಸಲ ಸಂಜೆಯ ಪಾದದ ಅಳತೆಯನ್ನೇ ಅಂಗಡಿಗೆ ಒಯ್ದಿದ್ದೆ.

ಅಂಗಡಿಯಲ್ಲಿದ್ದ ಹಿರಿಯರೊಬ್ಬರು ರಟ್ಟನ್ನು ಕಂಡು ಅಚ್ಚರಿಪಡಲಿಲ್ಲ. ‘ಒಳ್ಳೇ ಕೆಲಸ ಮಾಡಿದ್ದೀರಿ ಮೇಡಂ, ಕೂತ್ಕೊಂಡು ಅಳತೆ ಕೊಟ್ರೆ ಪಾದ ಚಿಕ್ಕದಾಗೇ ಕಾಣ್ಸುತ್ತೆ’ ಎಂದು, ನಾನು ತೋರಿಸಿದ ಜೊತೆಗಳನ್ನೆಲ್ಲ ಕೌಂಟರಿನ ಗಾಜಿನ ಮೇಲೆ ಮಗುಚಿ, ಒಂದೊಂದರ ಅಟ್ಟೆಯ ಮೇಲೂ ರಟ್ಟನ್ನಿಟ್ಟು ತೋರಿಸಿದರು. ಚೂಪು ಮುಂತುದಿಯ ಎರಡು ಜೊತೆಗಳಲ್ಲಿ ರಟ್ಟಿನ ಕಿರುಬೆರಳ ಭಾಗ ಅಟ್ಟೆಯಿಂದ ಅರ್ಧ ಬೆರಳಿನಷ್ಟು ಹೊರಗೆ ಚಾಚಿಕೊಂಡಿತ್ತು. ಆ ಅರ್ಧ ಬೆರಳಿನ ಮಾಂಸ ದಿನವಿಡೀ ಎಲ್ಲಿಗೆ ಹೋಗಬೇಕು? ಎರಡೂ ಜೊತೆಗಳನ್ನು ಕಾಲಿಗೆ ಹಾಕದೆಯೇ ಪಕ್ಕಕ್ಕಿಟ್ಟೆ. ಬಾದಾಮಿಯ ಹಾಗೆ ದುಂಡಗಾಗಿ ಮೊನಚುವ ಮುಂತುದಿಯಿದ್ದ ಮೂರು ಜೊತೆಗಳಷ್ಟೇ ಉಳಿದವು. ನೋಟಕ್ಕೆ ಚೂಪು ಮುಂತುದಿಯ ಬೆಡಗು ಇವುಗಳಲ್ಲೂ ಇದೆ, ಆದರೆ ಬೆರಳುಗಳು ಒಂದರ ಮೇಲೊಂದು ಏರುವುದಿಲ್ಲ.

ಆಮೇಲೆ ಎತ್ತರದ ಪ್ರಶ್ನೆ. ಹಿಮ್ಮಡಿ ಮೇಲೇರಿದಷ್ಟೂ ಮೈಭಾರ ಪಾದದ ಮುಂಭಾಗಕ್ಕೆ, ಬೆರಳುಗಳ ಬುಡಕ್ಕೆ ಜಾರುತ್ತದೆ. ಮೀನಖಂಡದ ಸ್ನಾಯು ಕುಗ್ಗಿದ ಸ್ಥಿತಿಯಲ್ಲೇ ಗಂಟೆಗಟ್ಟಲೆ ಇರಬೇಕಾಗುತ್ತದೆ. ನನ್ನ ಪಾದಕ್ಕೆ ಎರಡೂವರೆ ಇಂಚಿನ ತನಕ ಈ ಭಾರ ಸಹನೀಯ, ಅದರಾಚೆಗೆ ಅಲ್ಲ ಎಂಬುದು ವರ್ಷಗಳ ಓಡಾಟದಲ್ಲಿ ಗೊತ್ತಾಗಿತ್ತು. ಇಲ್ಲಿ ಒಂದು ಲೆಕ್ಕವನ್ನು ಮರೆಯಬಾರದು. ಹೀಲು ಮೂರೂವರೆ ಇಂಚಿದ್ದು ಮುಂಭಾಗದ ಅಟ್ಟೆಯೂ ಒಂದು ಇಂಚು ದಪ್ಪವಿದ್ದರೆ ಪಾದಕ್ಕೆ ಸಿಗುವ ಇಳಿಜಾರು ಎರಡೂವರೆ ಇಂಚಿನದು ಮಾತ್ರ. ಹಾಗಿದ್ದೂ ಅಂಥ ದಪ್ಪ ಅಟ್ಟೆಯ ಜೊತೆಯನ್ನು ನಾನು ಬೇಡವೆಂದೆ. ನೆಲ ಕಾಲಿಗೆ ತಿಳಿಯದಷ್ಟು ದಪ್ಪವಾದ ಅಟ್ಟೆಯಲ್ಲಿ ನಮ್ಮ ಫುಟ್‌ಪಾತಿನ ಏರುತಗ್ಗುಗಳ ಮೇಲೆ ಕಾಲು ಉಳುಕುವ ಭಯ ಹೆಚ್ಚು, ಮತ್ತು ಕಚೇರಿಯ ಸಭೆಗೆ ಅದು ಅಷ್ಟಾಗಿ ಒಪ್ಪುವುದಿಲ್ಲ.

ಹಿರಿಯರು ಕಲಿಸಿಕೊಟ್ಟ ಎರಡು ಪರೀಕ್ಷೆಗಳನ್ನು ನಾನು ಇನ್ನು ಮರೆಯಲಾರೆ. ಶೂವನ್ನು ಗಾಜಿನ ಮೇಲೆ ನಿಲ್ಲಿಸಿ ಹಿಮ್ಮಡಿ ಕೂರುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದರು: ಹೀಲು ಹಿಮ್ಮಡಿಯ ನಟ್ಟನಡುವಿನ ಕೆಳಗಿದ್ದರೆ ಶೂ ಅಲುಗಾಡುವುದಿಲ್ಲ, ತೀರ ಹಿಂದಕ್ಕೆ ಸರಿದಿದ್ದರೆ ಅದು ಮುಂದಕ್ಕೆ ತೂಗುತ್ತದೆ. ಬಳಿಕ ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದರು. ಬೆರಳುಗಳ ಬುಡದಲ್ಲಿ ಅಟ್ಟೆ ಬಗ್ಗಬೇಕು, ನಡುವಿನ ಕಮಾನಿನಲ್ಲಿ ಬಗ್ಗಬಾರದು. ಅಲ್ಲಿ ಒಳಗೆ ಶ್ಯಾಂಕ್ ಎಂಬ ಗಟ್ಟಿ ಪಟ್ಟಿಯೊಂದಿರುತ್ತದೆ, ಒಳ್ಳೆಯ ಶೂಗಳಲ್ಲಿ ಅದು ಉಕ್ಕಿನದು. ಹಿಮ್ಮಡಿಯಿಂದ ಮುಂಭಾಗದವರೆಗೆ ಸೇತುವೆಯಂತೆ ಮೈಭಾರವನ್ನು ಹೊರುವುದು ಅದೇ. ಮೂರರಲ್ಲಿ ಒಂದು ಜೊತೆ ಅವರ ಕೈಯಲ್ಲಿ ನಡುವಿಗೇ ಬಾಳೆದಿಂಡಿನ ಹಾಗೆ ಬಾಗಿತು. ಮೂರರ ಪೈಕಿ ಕಣ್ಣಿಗೆ ಅತ್ಯಂತ ಸುಂದರವಾಗಿದ್ದದ್ದು ಅದೇ. ಅದನ್ನು ಬಿಡುವಾಗ ನನಗೆ ನಿಜಕ್ಕೂ ಬೇಸರವಾಯಿತು.

ಕೊನೆಗೆ ಆರಿಸಿದ್ದು ಕಡು ಮರೂನ್ ಬಣ್ಣದ, ಹೊಳಪಿಲ್ಲದ ಚರ್ಮದ ಜೊತೆ. ಹೀಲು ಎರಡೂಕಾಲು ಇಂಚಿನದು, ಬ್ಲಾಕ್ ಹೀಲ್ ಎನ್ನುವ ದಪ್ಪನೆಯದು. ಆದರೆ ಇಟ್ಟಿಗೆಯಂತೆ ಚೌಕವಾಗಿರದೆ ಮೇಲಿನಿಂದ ಕೆಳಕ್ಕೆ ತುಸು ಕಿರಿದಾಗುತ್ತ ಬಂದು, ತುದಿಯಲ್ಲಿ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಅಗಲವಾಗಿ ನಿಂತಿತ್ತು. ಸೊಗಸು ಎಂದರೆ ಸೂಜಿಯಂತೆ ಸಣ್ಣದಾಗಿರಬೇಕೆಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಆ ಇಳಿಗೆರೆಯಲ್ಲಿ ಇದ್ದ ಚೆಲುವು ಯಾವ ಪೆನ್ಸಿಲ್ ಹೀಲಿಗೂ ಕಡಿಮೆಯದಾಗಿರಲಿಲ್ಲ. ಕಣಕಾಲಿಗೆ ಕಟ್ಟುವ ತೆಳು ಬಾರೊಂದನ್ನು ಬೇಕೆಂದಾಗ ಸಿಕ್ಕಿಸಿ, ಬೇಡವಾದಾಗ ಬಿಚ್ಚಿಡಬಹುದಿತ್ತು. ಬಣ್ಣದ ವಿಷಯದಲ್ಲಿ ಹೆಚ್ಚು ಯೋಚಿಸಲಿಲ್ಲ. ಕಪ್ಪು ಕಚೇರಿಗೆ ಸರಿ, ಜರಿಯಂಚಿನ ಕೆಳಗೆ ಮಂಕು. ಚಿನ್ನದ ಬಣ್ಣ ಅದರ ತದ್ವಿರುದ್ಧ. ಮರೂನ್ ಎರಡು ಕಡೆಯೂ ಮರ್ಯಾದೆಯಿಂದ ನಿಲ್ಲುತ್ತದೆ. ಬೆಲೆ 3,400 ರೂಪಾಯಿ.

ಮನೆಗೆ ತಂದ ಮೇಲೂ ಕೆಲಸ ಉಳಿದಿತ್ತು. ಹೊಸ ಅಟ್ಟೆ ಎಣ್ಣೆ ಹಚ್ಚಿದಷ್ಟು ನುಣುಪಾಗಿತ್ತು. ಕಲ್ಯಾಣ ಮಂಟಪಗಳ ನೆಲವೋ ಪಾಲಿಶ್ ಮಾಡಿದ ಗ್ರಾನೈಟು. ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಕೂತು ಚಪ್ಪಲಿ ರಿಪೇರಿ ಮಾಡುವವರ ಬಳಿ ಒಯ್ದೆ. ಅವರು ಅಟ್ಟೆಯನ್ನು ಉಜ್ಜುಕಾಗದದಿಂದ ಉಜ್ಜಿ, ಅಂಟು ಸವರಿ, ಅದು ಒಣಗುವ ತನಕ ಕಾದು, ತೆಳುವಾದ ರಬ್ಬರ್ ಹಾಳೆಯೊಂದನ್ನು ಕೂರಿಸಿ ಸುತ್ತಿಗೆಯಿಂದ ಅಂಚಂಚಿಗೂ ಮೆಲ್ಲಗೆ ಬಡಿದರು. ಹೀಲಿನ ತುದಿಗಿದ್ದ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆಯನ್ನು ಕಿತ್ತು ರಬ್ಬರಿನದನ್ನು ಹಾಕಿಕೊಟ್ಟರು. ಅಂಥ ಬಿಲ್ಲೆಗಳಿಂದಲೇ ಕಚೇರಿಯ ಟೈಲ್ಸ್ ಮೇಲೆ ಟಕಟಕ ಸದ್ದು ಬರುತ್ತಿದ್ದದ್ದು ಎಂಬುದು ನನಗೆ ಆಗ ತಿಳಿಯಿತು.

ಐದು ಸಂಜೆ, ದಿನಕ್ಕೆ ಅರ್ಧ ಗಂಟೆ, ಕಾಲುಚೀಲದ ಮೇಲೆ ಅದನ್ನು ಮೆಟ್ಟಿಕೊಂಡು ಮನೆಯೊಳಗೆ ಓಡಾಡಿದೆ. ‘ಆಫೀಸಲ್ಲಿ ಇದನ್ನೇ ಹಾಕ್ಬೇಕು ಅಂತ ರೂಲ್ಸ್ ಇದೆಯೇನೇ?’ ಎಂದು ಅಮ್ಮ ಕೇಳಿದರು. ಇಲ್ಲ, ಇದ್ದಿದ್ದರೆ ನಾನು ಬಹುಶಃ ಹಾಕುತ್ತಿರಲಿಲ್ಲ. ಜಪಾನಿನಲ್ಲಿ ಕೆಲಸದ ಜಾಗಗಳು ಹೆಂಗಸರ ಮೇಲೆ ಹೀಲ್ಸ್ ಹೇರುವುದನ್ನು ವಿರೋಧಿಸಿ 2019ರಲ್ಲಿ ಯುಮಿ ಇಷಿಕಾವಾ ಅವರು ‘ಕುಟೂ’ ಎಂಬ ಚಳವಳಿ ನಡೆಸಿದರು. ಜಪಾನಿ ಭಾಷೆಯಲ್ಲಿ ‘ಕುತ್ಸು’ ಎಂದರೆ ಶೂ, ‘ಕುತ್ಸೂ’ ಎಂದರೆ ನೋವು. ಎರಡು ಪದಗಳ ನಡುವಿನ ಆ ಒಂದು ದೀರ್ಘವನ್ನು ಕುರಿತು ಅಮ್ಮನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನು ಹೀಲ್ಸ್ ಹಾಕುವುದು ಇಷ್ಟಪಟ್ಟು. ಇಷ್ಟಪಟ್ಟು ಹಾಕುವುದು ನೋಯಿಸಬಾರದು ಎಂಬುದಕ್ಕಾಗಿಯೇ ಇಷ್ಟೆಲ್ಲ ಎಚ್ಚರ. ಅಮ್ಮ ಕೊಟ್ಟ ಸಲಹೆ ಒಂದೇ: ‘ಮೊದಲು ಅದನ್ನ ಹಾಕ್ಕೊಂಡು ಆಮೇಲೆ ಸೀರೆ ಉಡು ಕಣೇ, ಇಲ್ದಿದ್ರೆ ಅಂಚು ಮೇಲೆ ನಿಲ್ಲುತ್ತೆ.’ ಬರಿಗಾಲಲ್ಲಿ ಉಟ್ಟ ಸೀರೆ ಎರಡೂಕಾಲು ಇಂಚು ಮೇಲೇರಿದೊಡನೆ ಮೊಟಕಾಗಿ ಕಾಣುತ್ತದೆ. ಪ್ಯಾಂಟಿನದೂ ಇದೇ ಕಥೆ. ಅದನ್ನು ಟೈಲರ್ ಬಳಿ ಒಯ್ದು, ಈ ಹೀಲಿನ ಎತ್ತರಕ್ಕೇ ಕೆಳಮಡಿಕೆಯನ್ನು ಹೊಲಿಸಿಕೊಂಡೆ.

ಗುರುವಾರ ಬೆಳಿಗ್ಗೆ ಎಂಟೂವರೆಗೆ ಜಯನಗರದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಿ, ಎಂ.ಜಿ. ರಸ್ತೆಯಲ್ಲಿ ಇಳಿದೆ. ವರದಿ ಮಂಡಿಸುತ್ತ ಒಂದೂಕಾಲು ಗಂಟೆ ನಿಂತೇ ಇದ್ದೆ. ಆ ಹೊತ್ತಿನಲ್ಲಿ ಒಮ್ಮೆಯೂ ಕಾಲಿನ ನೆನಪಾಗಲಿಲ್ಲ ಎಂಬುದು ಕೂತ ಮೇಲೆ ಗಮನಕ್ಕೆ ಬಂದು ಮನಸ್ಸು ತುಂಬಿತು. ಐದೂವರೆಗೆ ಕಚೇರಿಯಲ್ಲೇ ಸೀರೆ ಉಟ್ಟೆ, ಅಮ್ಮ ಹೇಳಿದ ಕ್ರಮದಲ್ಲೇ. ಕಣಕಾಲಿಗೆ ಬಾರು ಕಟ್ಟಿದೊಡನೆ ಬೆಳಗಿನ ಶೂ ಸಂಜೆಯದಾಯಿತು. ಗಿಳಿಹಸಿರು ರೇಷ್ಮೆಯ ಜರಿಯಂಚು ಅದರ ಮುಂತುದಿಯನ್ನು ಸವರಿಕೊಂಡು ನಿಂತಿತು.

ಸಂಪಿಗೆ ರಸ್ತೆಯ ನಿಲ್ದಾಣದಲ್ಲಿ ಇಳಿದು ನಡೆದ ದಾರಿಯಲ್ಲಿ ಮರದ ಬೇರುಗಳು ಚಪ್ಪಡಿಗಳನ್ನು ಎತ್ತಿಹಾಕಿದ್ದವು. ಸಂದಿ ಬಂದಲ್ಲೆಲ್ಲ ಹಳೆಯ ಭಯದಿಂದ ಹೆಜ್ಜೆ ನಿಧಾನಿಸಿದೆ. ಹೀಲು ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಮಂಟಪದಲ್ಲಿ ವಧೂವರರನ್ನು ಕಾಣುವ ಸಾಲು ನಲವತ್ತು ನಿಮಿಷ ಹಿಡಿಯಿತು. ನನ್ನ ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಒಂದೊಂದು ಕಾಲನ್ನು ಸರದಿಯಲ್ಲಿ ಶೂವಿನಿಂದ ಹೊರತೆಗೆದು ತಣ್ಣನೆಯ ಗ್ರಾನೈಟಿನ ಮೇಲೆ ಇಡುತ್ತಿದ್ದಳು. ಅವಳ ಹಿಮ್ಮಡಿಗೆ ಅಂಟಿಸಿದ್ದ ಪಟ್ಟಿ ಮುದುಡಿತ್ತು. ನನ್ನ ಕೈಚೀಲದಲ್ಲಿದ್ದ ಹೊಸ ಪಟ್ಟಿಗಳೆರಡನ್ನು ಕೊಟ್ಟೆ. ಅವಳು ಬದಿಯ ಕುರ್ಚಿಗೆ ಸರಿದು ಅವನ್ನು ಅಂಟಿಸಿಕೊಳ್ಳುವ ತನಕ ನಾನು ಸಾಲಿನಲ್ಲಿ ಅವಳ ಜಾಗ ಕಾಯ್ದಿರಿಸಿದೆ. ಹೊರಡುವ ಮುನ್ನ ಅವಳು ನನ್ನ ಶೂವನ್ನು ಎಲ್ಲಿ ಕೊಂಡದ್ದೆಂದು ಕೇಳಿದಳು. ಅಂಗಡಿಯ ಹೆಸರಿಗಿಂತ ಮೊದಲು ರಟ್ಟಿನ ವಿಷಯ ಹೇಳಿದೆ.

ರಾತ್ರಿ ಹತ್ತಕ್ಕೆ ಮನೆಯ ಬಾಗಿಲಲ್ಲಿ ಶೂ ಬಿಚ್ಚಿ ಪಾದವನ್ನು ದೀಪದ ಕೆಳಗೆ ನೋಡಿಕೊಂಡೆ. ಕಣಕಾಲಿನ ಮೇಲೆ ಬಾರಿನ ತೆಳುಗೆರೆ, ಬೆರಳುಗಳ ಬುಡದಲ್ಲಿ ನಸುಗೆಂಪು, ಗುಳ್ಳೆಯಿರಲಿಲ್ಲ, ಜೋಮಿರಲಿಲ್ಲ. ಮೀನಖಂಡ ಮಾತ್ರ ಬಿಗಿದಿತ್ತು. ಗೋಡೆಗೆ ಕೈಯಾನಿಸಿ ಹಿಮ್ಮಡಿಯನ್ನು ನೆಲಕ್ಕೊತ್ತಿ ಐದು ನಿಮಿಷ ನಿಂತೆ. ಮರುದಿನ ಮುಹೂರ್ತಕ್ಕೆ ಹೋಗುವವರು ಚಪ್ಪಲಿಯನ್ನು ಮಂಟಪದ ಹೊರಗೇ ಬಿಡಬೇಕು. ಆದ್ದರಿಂದ ಮರೂನ್ ಜೊತೆಯ ಬೆವರನ್ನು ಒಣಬಟ್ಟೆಯಲ್ಲಿ ಒರೆಸಿ, ಒಳಗೆ ಹಳೆಯ ಪತ್ರಿಕೆ ತುರುಕಿ ಕಿಟಕಿಯ ಬಳಿ ಗಾಳಿಗಿಟ್ಟು, ಬೆಳಿಗ್ಗೆ ಅಮ್ಮನ ಅಥಣಿ ಚಪ್ಪಲಿಯನ್ನು ಮೆಟ್ಟಿಕೊಂಡು ಹೊರಟೆ.