ರೋಮ್‌ನಲ್ಲಿ ನಾಲ್ಕು ರಾತ್ರಿ: 18 ಯೂರೋ ಟಿಕೆಟ್‌ಗೆ 45 ಕೊಟ್ಟವನ ಮಾತು

ಟಿಕೆಟ್ ಕೈಗೆ ಬಂದಾಗ ಮೊದಲು ಕಣ್ಣಿಗೆ ಬಿದ್ದಿದ್ದು ಅದರ ಮೇಲೆ ಅಚ್ಚಾಗಿದ್ದ ಬೆಲೆ. 18 ಯೂರೋ. ನಾನು ಕೊಟ್ಟಿದ್ದು ತಲಾ 45. ಮೂರು ಜನಕ್ಕೆ ಲೆಕ್ಕ ಹಾಕಿದರೆ 81 ಯೂರೋ ಜಾಸ್ತಿ. ಆಗ ಯೂರೋಗೆ 91 ರೂಪಾಯಿ ಹತ್ತಿರ ಇತ್ತು. ಏಳು ಸಾವಿರ ರೂಪಾಯಿಗಿಂತ ಜಾಸ್ತಿ ಹೋಯಿತು, ಕೊಲೊಸಿಯಂ ಬಾಗಿಲು ದಾಟುವ ಮುಂಚೆಯೇ.

2024ರ ದೀಪಾವಳಿ ರಜೆಯಲ್ಲಿ ನಾನು, ನನ್ನ ಹೆಂಡತಿ, ಅಮ್ಮ ಜರ್ಮನಿಯಲ್ಲಿರುವ ತಂಗಿ ಮನೆಗೆ ಹೋಗಿದ್ದೆವು. ಅಲ್ಲಿಂದ ಅಕ್ಟೋಬರ್ 31ಕ್ಕೆ ರೋಮ್, ನವೆಂಬರ್ 4ಕ್ಕೆ ವಾಪಸ್. ವೀಸಾ, ವಿಮಾನದ ವಿಷಯ ಎಲ್ಲ ಕಡೆ ಸಿಗುತ್ತದೆ, ಅದನ್ನು ನಾನು ಬರೆಯಲ್ಲ. ಅಮ್ಮನಿಗೆ 66. ಮಂಡಿ ನೋವಿದೆ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ನನಗೆ ಜನಜಂಗುಳಿ ಕಂಡರೆ ಆಗಲ್ಲ. ಇವೆರಡನ್ನೂ ತಲೆಯಲ್ಲಿ ಇಟ್ಟುಕೊಂಡು ಮುಂದಕ್ಕೆ ಓದಿ. ಯಾಕೆಂದರೆ ನಾನು ಬೇಡ ಅನ್ನೋದು ನಿಮಗೆ ಇಷ್ಟ ಆಗಬಹುದು.

ಟಿಕೆಟ್ ಕಥೆ ಮುಗಿಸಿಬಿಡುತ್ತೇನೆ. ಕೊಲೊಸಿಯಂನ ಸ್ವಂತ ವೆಬ್‌ಸೈಟ್‌ನಲ್ಲಿ 30 ದಿನ ಮುಂಚೆ ಮಾರಾಟ ಶುರುವಾಗುತ್ತದೆ. ನಾನು ಹತ್ತು ದಿನ ಇರುವಾಗ ನೋಡಿದೆ, ಏನೂ ಉಳಿದಿರಲಿಲ್ಲ. ಹುಡುಕಿದಾಗ ಮೇಲೆಯೇ ಬಂದ ಇನ್ನೊಂದು ಸೈಟ್ ಥೇಟ್ ಸರ್ಕಾರಿ ಸೈಟ್ ಥರಾನೇ ಕಂಡಿತು. ಸಾಲಿನಲ್ಲಿ ನಿಲ್ಲೋದು ಬೇಡ, ಗೈಡ್ ಜೊತೆ ನೇರ ಒಳಗೆ ಅಂತ ಬರೆದಿದ್ದರು. ಶನಿವಾರ ಬೆಳಗ್ಗೆ ಮೆಟ್ರೋ ಸ್ಟೇಷನ್ ಎದುರು ಹಳದಿ ಛತ್ರಿ ಹಿಡಿದ ಹುಡುಗಿಯನ್ನು ಹುಡುಕಬೇಕಿತ್ತು. ಅಲ್ಲಿ ಹಳದಿ ಛತ್ರಿ ನಾಲ್ಕಿದ್ದವು. ನಮ್ಮ ಹುಡುಗಿ ಇಪ್ಪತ್ತೈದು ನಿಮಿಷ ತಡವಾಗಿ ಬಂದಳು, ಟಿಕೆಟ್ ಕೊಟ್ಟಳು, ಬಾಗಿಲು ತೋರಿಸಿದಳು, ಹೋದಳು. ಅಷ್ಟೇ ಗೈಡ್. ಸೆಕ್ಯುರಿಟಿ ತಪಾಸಣೆ ಸಾಲನ್ನು ಯಾರೂ ತಪ್ಪಿಸೋಕಾಗಲ್ಲ. ಅಲ್ಲಿ ಎಲ್ಲರ ಜೊತೆ ನಾವೂ ನಿಂತೆವು.

ಊರಿಗೆ ಬಂದಮೇಲೆ ಇನ್ನೊಂದು ಗೊತ್ತಾಯಿತು. 2025ರ ಏಪ್ರಿಲ್‌ನಲ್ಲಿ ಇಟಲಿಯಲ್ಲಿ ವ್ಯಾಪಾರದ ಮೇಲೆ ಕಣ್ಣಿಡುವ ಸ್ಪರ್ಧಾ ಪ್ರಾಧಿಕಾರ ಇದೇ ಕೊಲೊಸಿಯಂ ಟಿಕೆಟ್ ವಿಚಾರಕ್ಕೆ ಹಲವು ಕಂಪನಿಗಳಿಗೆ ಸೇರಿಸಿ ಸುಮಾರು 2 ಕೋಟಿ ಯೂರೋ ದಂಡ ಹಾಕಿತು. ಕಂಪ್ಯೂಟರ್ ಪ್ರೋಗ್ರಾಂ ಬಿಟ್ಟು ಟಿಕೆಟ್ ಬಾಚಿಕೊಂಡು, ಜಾಸ್ತಿ ಬೆಲೆಗೆ ಮಾರುತ್ತಿದ್ದರಂತೆ. ಹಾಗಾಗಿ ನೀವು ಕೊಲೊಸಿಯಂ ನೋಡುವ ದಿನಕ್ಕೆ ಸರಿಯಾಗಿ 30 ದಿನ ಮುಂಚೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಅವತ್ತೇ ಕೂತು ಬುಕ್ ಮಾಡಿ. ಟಿಕೆಟ್ ಮೇಲೆ ಹೆಸರು ಬರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ ಬರೆಯಿರಿ, ಇನಿಷಿಯಲ್ ಗೊಂದಲ ಬೇಡ.

ಇದರ ಮೇಲೆ ತಮಾಷೆ ಕೇಳಿ. ನಾವು ಹೋಗಿದ್ದು ನವೆಂಬರ್ 2, ಶನಿವಾರ. ಮರುದಿನ ತಿಂಗಳ ಮೊದಲ ಭಾನುವಾರ. ಇಟಲಿಯ ಸರ್ಕಾರಿ ಮ್ಯೂಸಿಯಂಗಳೆಲ್ಲ ಅವತ್ತು ಪುಕ್ಕಟೆ, ಕೊಲೊಸಿಯಂ ಕೂಡ! ಭಾನುವಾರ ಆ ಕಡೆ ಹೋದಾಗ ಸಾಲು ಕಂಡೆ. ಹೊಟ್ಟೆ ಉರಿ ತಣ್ಣಗಾಯಿತು. ಪುಕ್ಕಟೆ ಅಂದರೂ ಆ ಸಾಲಿಗೆ ನಾನು ನಿಲ್ಲುತ್ತಿರಲಿಲ್ಲ.

ಒಳಗೆ ಲಿಫ್ಟ್ ಇದೆ. ವಯಸ್ಸಾದವರು ಜೊತೆಗಿದ್ದರೆ ಅಲ್ಲಿನ ಸಿಬ್ಬಂದಿಯನ್ನು ಕೇಳಿ, ಮೆಟ್ಟಿಲು ತುಂಬ ಕಡಿದು. ಅದೇ ಟಿಕೆಟ್‌ನಲ್ಲಿ ಪಕ್ಕದ ಫೋರಂ, ಅಂದರೆ ಹಳೇ ರೋಮಿನ ಅವಶೇಷಗಳ ಬಯಲು, ಪ್ಯಾಲಟೈನ್ ಗುಡ್ಡ, ಎರಡಕ್ಕೂ ಹೋಗಬಹುದು. ನಾವು ಫೋರಂಗೆ ಇಳಿದು ಇನ್ನೂರು ಹೆಜ್ಜೆ ನಡೆದು ವಾಪಸ್ ಬಂದೆವು. ಎರಡು ಸಾವಿರ ವರ್ಷ ಹಳೆಯ ಉಬ್ಬುತಗ್ಗಿನ ಹಾಸುಗಲ್ಲು, ಮಂಡಿ ನೋವಿನವರಿಗೆ ಅದು ರಸ್ತೆಯೇ ಅಲ್ಲ. ಅದರ ಬದಲು ಕ್ಯಾಂಪಿಡೋಲಿಯೊ ಗುಡ್ಡದ ಮೇಲಿನ ಚೌಕಕ್ಕೆ ಹೋಗಿ. ಅಲ್ಲಿನ ನಗರಸಭೆ ಕಟ್ಟಡದ ಪಕ್ಕದಿಂದ ಹಿಂದಕ್ಕೆ ಬಂದರೆ ಒಂದು ಕಟ್ಟೆ ಸಿಗುತ್ತದೆ. ಇಡೀ ಫೋರಂ ಕಾಲ ಕೆಳಗೆ, ಆ ತುದಿಗೆ ಕೊಲೊಸಿಯಂ. ದುಡ್ಡಿಲ್ಲ, ಸಾಲಿಲ್ಲ. ಅಮ್ಮ ಅಲ್ಲಿ ಮುಕ್ಕಾಲು ಗಂಟೆ ಕೂತಿದ್ದರು. ಒಂದೇ ಮಾತು, ನವೆಂಬರ್‌ನಲ್ಲಿ ಸಂಜೆ 5ಕ್ಕೆ ಕತ್ತಲಾಗುತ್ತದೆ. 4ರೊಳಗೆ ಅಲ್ಲಿರಿ.

ಈಗ ಬಸ್ಸು. ಫ್ಯುಮಿಚಿನೊ ವಿಮಾನ ನಿಲ್ದಾಣದಿಂದ ಊರೊಳಗಿನ ಟೆರ್ಮಿನಿ ರೈಲು ನಿಲ್ದಾಣಕ್ಕೆ ನೇರ ರೈಲು 14 ಯೂರೋ, 32 ನಿಮಿಷ. ಖಾಸಗಿ ಬಸ್ 7 ಯೂರೋ. ನಾನು ಜಾಣ ಅಂದುಕೊಂಡು ಬಸ್ಸಿಗೆ ಮೊದಲೇ ಆನ್‌ಲೈನ್ ಬುಕ್ ಮಾಡಿದ್ದೆ, 2.40ರ ಬಸ್. 2.40ಕ್ಕೆ ಬಸ್ ಬಂತು, ಆದರೆ ಅದು 1.50ರ ಬಸ್ಸಂತೆ. 1.50ರವರು ಹತ್ತಿದರು, ನಮ್ಮ ಮುಖದ ಮೇಲೆ ಬಾಗಿಲು ಮುಚ್ಚಿತು. ಅದಾದ ಮೇಲೆ ಬಂದದ್ದರಲ್ಲಿ ಸಾಲಿನ ಲೆಕ್ಕವೇ ಇಲ್ಲ, ನುಗ್ಗಿದವರು ಹತ್ತಿದರು. ಟಿಕೆಟ್ ನೋಡುವ ಹುಡುಗನ ಹತ್ತಿರ ಫೋನ್ ತೋರಿಸಿ ಜಗಳಕ್ಕೇ ನಿಂತೆ. ಅವನು ಎರಡೂ ಕೈ ಎತ್ತಿ ಭುಜ ಕುಣಿಸಿದ. ಅಮ್ಮ ಸೂಟ್‌ಕೇಸ್ ಮೇಲೆ ಕೂತು, "ನಮ್ಮ ಕೆಂಪು ಬಸ್ಸಿಗೆ ಟವೆಲ್ ಹಾಕಿ ಸೀಟ್ ಹಿಡೀತಿದ್ಯಲ್ಲೋ, ಇಲ್ಲೇನಾಯ್ತು ನಿಂಗೆ?" ಅಂದರು. ಮೂರನೇ ಬಸ್ಸಿಗೆ ಹೆಂಡತಿ ಮೊದಲು ನುಗ್ಗಿ ಬಾಗಿಲಲ್ಲೇ ನಿಂತಳು. ಅದಕ್ಕೇ ಸಿಕ್ಕಿತು. ಹಿಂದಿನ ಸೀಟು, ಎಸಿ ಕೆಟ್ಟಿತ್ತು, ದಾರಿ ಉದ್ದಕ್ಕೂ ಟ್ರಾಫಿಕ್. ರೂಮ್ ಸೇರಿದಾಗ ಸಂಜೆ ಆರು.

ಉಳಿದಿದ್ದು 21 ಯೂರೋ. ಹೋಗಿದ್ದು ಒಂದು ಸಂಜೆ. ನಾಲ್ಕು ದಿನದ ಪ್ರವಾಸದಲ್ಲಿ ಒಂದು ಸಂಜೆ ಅಂದರೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಒಬ್ಬರು ಇಬ್ಬರಾದರೆ ರೈಲು. ಮೂರು ಜನ, ಲಗೇಜು ಇದ್ದರೆ ಬಿಳಿ ಟ್ಯಾಕ್ಸಿಯೇ ವಾಸಿ. ಹಳೇ ಕೋಟೆ ಗೋಡೆಯ ಒಳಗಿನ ಊರಿಗೆ ದರ ನಿಗದಿಯಾಗಿದೆ, ನಾವು ಹೋದಾಗ 55 ಯೂರೋ. ತಲೆಗಲ್ಲ, ಕಾರಿಗೆ. ಲಗೇಜೂ ಅದರಲ್ಲೇ ಸೇರಿತು.

ರೂಮಿನ ಬಗ್ಗೆ ಜಾಸ್ತಿ ಬರೆದರೆ ಬೈಗುಳ ಆಗುತ್ತದೆ. ರಾತ್ರಿಗೆ 140 ಯೂರೋ, ಪಿಯಾಟ್ಸ ವಿತ್ತೋರಿಯೊ ಅನ್ನುವ ಚೌಕದ ಹತ್ತಿರ, ನಾಲ್ಕನೇ ಮಹಡಿ. ಲಿಫ್ಟ್ ಇದೆ ಅಂತ ಬರೆದಿದ್ದರು, ಇತ್ತು. ಕಬ್ಬಿಣದ ಪಂಜರದ ಥರದ್ದು. ಒಬ್ಬರು, ಒಂದು ಸೂಟ್‌ಕೇಸ್, ಅಷ್ಟಕ್ಕೇ ತುಂಬಿತು. ರಿಸೆಪ್ಷನ್ ಇಲ್ಲ, ಬೀಗದ ನಂಬರ್ ವಾಟ್ಸಾಪ್‌ನಲ್ಲಿ ಬಂತು. ಮರುದಿನ ಬೆಳಗ್ಗೆ ಒಬ್ಬ ಬಾಗಿಲು ತಟ್ಟಿ ಊರಿನ ತೆರಿಗೆ ಅಂತ ಕೇಳಿದ. ತಲಾ ರಾತ್ರಿಗೆ 6 ಯೂರೋ, ಒಟ್ಟು 72, ನಗದೇ ಬೇಕು. ಇದು ಮೋಸ ಅಲ್ಲ, ರೋಮ್ ನಗರದ ತೆರಿಗೆ ನಿಜವಾಗಿಯೂ ಇದೆ. ಬುಕ್ ಮಾಡುವಾಗ ಕಾಣುವ ಬೆಲೆಯಲ್ಲಿ ಇದು ಬಹಳ ಸಲ ಸೇರಿರುವುದಿಲ್ಲ, ಅದೇ ಕಿರಿಕಿರಿ. ರಸೀದಿ ಕೇಳಿ ತಗೊಳ್ಳಿ. ನಾನು ಕೇಳಿದ್ದಕ್ಕೆ ಆತ ಮುಖ ಗಂಟು ಹಾಕಿಕೊಂಡೇ ಬರೆದುಕೊಟ್ಟ.

ಆದರೆ ಆ ಏರಿಯಾಗೆ ಬೈಯೋಕೆ ಮನಸ್ಸು ಬರಲ್ಲ. ಎಸ್ಕ್ವಿಲಿನೊ ಅಂತ ಹೆಸರು. ಅಲ್ಲೊಂದು ಛಾವಣಿ ಇರುವ ಮಾರ್ಕೆಟ್ ಇದೆ, ಬೆಳಗ್ಗೆ ಹೊತ್ತು ತೆರೆದಿರುತ್ತದೆ, ಭಾನುವಾರ ರಜೆ. ಮಾರುವವರಲ್ಲಿ ಬಾಂಗ್ಲಾದೇಶದವರು ತುಂಬ ಜನ. ಬೆಂಡೆಕಾಯಿ, ಹಾಗಲಕಾಯಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು. ಶನಿವಾರ ಬೆಳಗ್ಗೆ ಅಮ್ಮ ಅಲ್ಲಿ ಹಾಗಲಕಾಯಿ ಒತ್ತಿ ನೋಡಿ, ಹಿಂದಿಯಲ್ಲಿ ಚೌಕಾಸಿ ಮಾಡಿ, ಕೊನೆಗೆ ಏನೂ ಕೊಳ್ಳದೆ ಬಂದರು. ಅಡುಗೆ ಮಾಡೋಕೆ ಒಲೆ ಎಲ್ಲಿದೆ?

ಅದರ ಹಿಂದಿನ ಗಲ್ಲಿಯಲ್ಲಿ ಒಬ್ಬ ಅಜ್ಜನ ಪಿಟ್ಜಾ ಅಂಗಡಿ, ಅಲ್ಲೇ ನಮ್ಮ ಊಟ. ನಾಲ್ಕು ದಿನದಲ್ಲಿ ಐದು ಸಲ ಹೋದೆವು. ಕೂರೋಕೆ ಎರಡೇ ಎರಡು ಸ್ಟೂಲ್. ಗಾಜಿನ ಹಿಂದೆ ಮೊಳದುದ್ದದ ತಟ್ಟೆಗಳಲ್ಲಿ ಪಿಟ್ಜಾ. ದುಂಡಗಿನದಲ್ಲ, ಉದ್ದಕ್ಕೆ. ತೂಕದ ಮೇಲೆ ಮಾರುತ್ತಾರೆ. ಬೋರ್ಡ್‌ನಲ್ಲಿ ಬರೆದಿರುವುದು ಬಹಳ ಕಡೆ 100 ಗ್ರಾಂಗೆ, ಅದಕ್ಕೆ "ಎತ್ತೊ" ಅನ್ನುತ್ತಾರೆ. ಇಷ್ಟು ಅಂತ ಎರಡು ಕೈಯಲ್ಲಿ ಅಗಲ ತೋರಿಸಿದರೆ ಸಾಕು. ಅಜ್ಜ ಒಂದು ದೊಡ್ಡ ಕತ್ತರಿ ತೆಗೆದು ಬಟ್ಟೆ ಕತ್ತರಿಸೋ ಹಾಗೆ ಕರಕರ ಕತ್ತರಿಸುತ್ತಾನೆ, ತೂಗುತ್ತಾನೆ, ಒಲೆಗೆ ಒಂದು ನಿಮಿಷ ತಳ್ಳುತ್ತಾನೆ, ಮುಖಕ್ಕೆ ಮುಖ ಸೇರಿಸಿ ಮಡಚಿ ಕಾಗದ ಸುತ್ತಿ ಕೊಡುತ್ತಾನೆ.

ಆಲೂಗಡ್ಡೆ ಪಿಟ್ಜಾ ತಿನ್ನಿ. ಬೇರೇನೂ ತಿನ್ನದಿದ್ದರೂ ಪರವಾಗಿಲ್ಲ. ಟೊಮ್ಯಾಟೊ ಇಲ್ಲ. ಚಿಪ್ಸಿಗೆ ಹೆರೆದ ಹಾಗೆ ತೆಳ್ಳಗೆ ಹೆರೆದ ಆಲೂಗಡ್ಡೆ, ಎಣ್ಣೆ, ಉಪ್ಪು, ರೋಸ್‌ಮೇರಿ ಎಲೆ. ಅಂಚಿನಲ್ಲಿ ಆಲೂಗಡ್ಡೆ ಸೀದು ಗರಿಗರಿ, ನಡುವೆ ಬೆಣ್ಣೆಯಷ್ಟು ಮೆತ್ತಗೆ. ತಳ ಕಚ್ಚಿದರೆ ಸದ್ದಾಗುತ್ತದೆ. ಮೊದಲ ದಿನ ರಾತ್ರಿ, ಬಸ್ಸಿನ ಸಿಟ್ಟಿನಲ್ಲೇ ಇದ್ದಾಗ, ಅದನ್ನು ತಿಂದು ಮೂವರೂ ಸುಮ್ಮನಾದೆವು. ಎರಡನೇ ದಿನ ಅಮ್ಮ ಚೀಲದಿಂದ ಚಟ್ನಿಪುಡಿ ತೆಗೆದರು. ಅಜ್ಜ ಏನದು ಅಂತ ಬೆರಳಲ್ಲಿ ಅದ್ದಿ ನೆಕ್ಕಿ ನೋಡಿ, ಕೆಮ್ಮಿ, ಮತ್ತೆ ಕೈ ಚಾಚಿದ. ಅಲ್ಲೇ ಒಂದು ಬೋಗುಣಿಯಲ್ಲಿ ಚಿಕೋರಿಯ ಅಂತ ಸೊಪ್ಪಿನ ಪಲ್ಯ. ಬೇಯಿಸಿ ಹಿಂಡಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಎಣ್ಣೆಯಲ್ಲಿ ಬಾಡಿಸಿದ್ದು. ಕಹಿ ಇದೆ, ಮೆಂತ್ಯ ಸೊಪ್ಪಿನ ಕಹಿ. ಮೂವರಿಗೂ ಹೊಟ್ಟೆ ತುಂಬ, 13 ಯೂರೋ. ಪಿಯಾಟ್ಸ ನವೋನ ಪಕ್ಕದಲ್ಲಿ ಒಂದು ಮಧ್ಯಾಹ್ನ ಕೂತು ತಿಂದ ಸಪ್ಪೆ ಪಾಸ್ತಾಗೆ 58 ಕೊಟ್ಟೆವು. ಅದರಲ್ಲಿ ನಾವು ಕೇಳದೇ ಬಂದ ಬ್ರೆಡ್ಡಿಗೆ ತಲಾ 3.

ಸಸ್ಯಾಹಾರಿಗಳಿಗೆ ಎರಡು ಎಚ್ಚರಿಕೆ. ಕುಂಬಳ ಜಾತಿಯ ಹೂವಿನ ಪಿಟ್ಜಾ ನೋಡೋಕೆ ಚೆಂದ, ಆದರೆ ಒಳಗೆ ಸಣ್ಣ ಮೀನು ಹಾಕಿರುತ್ತಾರೆ. ಸುಪ್ಲೀ ಅಂತ ಕರಿದ ಅನ್ನದ ಉಂಡೆ ಬೋಂಡದ ಹಾಗೇ ಕಾಣುತ್ತದೆ, ಮಾಮೂಲಿಯದ್ದರಲ್ಲಿ ಮಾಂಸದ ಸಾಸ್ ಇರುತ್ತದೆ. "ಸೆನ್ಸ ಕಾರ್ನೆ, ಸೆನ್ಸ ಪೆಶ್ಶೆ" ಎಂದು ಕೇಳಿ. ಮಾಂಸ ಬೇಡ, ಮೀನು ಬೇಡ ಅಂತ. ಇನ್ನೂ ಕಟ್ಟುನಿಟ್ಟಾದವರು ಪೆಕೊರಿನೊ, ಪಾರ್ಮೆಸಾನ್ ಚೀಸ್ ಕೂಡ ಬಿಡಬೇಕು. ಅದಕ್ಕೆ ಹಾಕುವ ಹೆಪ್ಪು ಕುರಿಮರಿ, ಕರುವಿನ ಹೊಟ್ಟೆಯಿಂದ ಬಂದದ್ದು. ಇದನ್ನು ನಾನು ಅಮ್ಮನಿಗೆ ಊರಿಗೆ ಬಂದಮೇಲೂ ಹೇಳಿಲ್ಲ.

ನೀರಿಗೆ ದುಡ್ಡು ಕೊಡಬೇಡಿ. ಬೀದಿ ಬೀದಿಯಲ್ಲಿ ಎದೆ ಎತ್ತರದ ಕಬ್ಬಿಣದ ನಲ್ಲಿಗಳಿವೆ, "ನಸೋನೆ" ಅಂದರೆ ದೊಡ್ಡ ಮೂಗು. 1870ರ ದಶಕದಿಂದ ಇವೆ, ಈಗ ಸುಮಾರು 2,500 ಇವೆ. ಹಗಲೂ ರಾತ್ರಿ ತಣ್ಣನೆ ನೀರು ಸುರಿಯುತ್ತಲೇ ಇರುತ್ತದೆ, ಕುಡಿಯೋಕೆ ಚೆನ್ನಾಗಿದೆ. ಮೂಗಿನ ತುದಿಯನ್ನು ಬೆರಳಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಕಮಾನಿನಂತೆ ಚಿಮ್ಮುತ್ತದೆ, ಬಾಯಿ ಒಡ್ಡಿದರಾಯಿತು. ಮೊದಲ ಸಲ ನನ್ನ ಕನ್ನಡಕ ಒದ್ದೆಯಾಯಿತು.

ಶುಕ್ರವಾರದ ತಪ್ಪು ಪೂರ್ತಿ ನನ್ನದೇ. ವ್ಯಾಟಿಕನ್ ಮ್ಯೂಸಿಯಂ ಅಂತ ಹೊರಟೆವು. ನವೆಂಬರ್ 1. ನಮಗೆ ರಾಜ್ಯೋತ್ಸವ, ಅವರಿಗೆ ಸಕಲ ಸಂತರ ಹಬ್ಬ. ಬಾಗಿಲು ಬಂದ್. ಹಬ್ಬದ ಪಟ್ಟಿ ನೋಡದೆ ದಿನ ಗೊತ್ತು ಮಾಡಬೇಡಿ. ಭಾನುವಾರವೂ ಮುಚ್ಚಿರುತ್ತದೆ, ತಿಂಗಳ ಕೊನೆಯ ಭಾನುವಾರ ಮಾತ್ರ ಬೆಳಗ್ಗೆ ಪುಕ್ಕಟೆ. ಸುಮ್ನೆ ಅಲ್ಲಿನ ಸಂತ ಪೀಟರ್ ಚೌಕದ ಕಡೆ ನಡೆದೆವು, ಮಧ್ಯಾಹ್ನ 12ಕ್ಕೆ ಜನ ಎಲ್ಲ ಒಂದೇ ಕಡೆ ತಲೆ ಎತ್ತಿದರು. ಮೇಲೊಂದು ಕಿಟಕಿಯಿಂದ ಬಟ್ಟೆ ಇಳಿಬಿಟ್ಟಿದ್ದರು, ಅದರ ಮೇಲೆ ಒಂದು ಬಿಳಿ ಚುಕ್ಕೆ. ಪೋಪ್ ಫ್ರಾನ್ಸಿಸ್. ಅಮ್ಮ ಕೈ ಮುಗಿದರು. ಐದೇ ತಿಂಗಳ ಮೇಲೆ, ಏಪ್ರಿಲ್‌ನಲ್ಲಿ, ಅವರು ತೀರಿಕೊಂಡ ಸುದ್ದಿ ಟಿವಿಯಲ್ಲಿ ಬಂದಾಗ "ನಾವು ನೋಡಿದ್ವಲ್ಲೋ" ಅಂತ ನನಗೆ ಫೋನ್ ಮಾಡಿದರು.

ಟ್ರೆವಿ ಕಾರಂಜಿ ನಾವು ಹೋದಾಗ ರಿಪೇರಿ. ನೀರು ಖಾಲಿ, ಸುತ್ತ ಅಡ್ಡಗೋಡೆ. ಎದುರಿಗೆ ಒಂದು ಸಣ್ಣ ಚೌಕ ತೊಟ್ಟಿ ಇಟ್ಟಿದ್ದರು, ಹಿತ್ತಲಲ್ಲಿ ಕಾಲು ತೊಳೆಯೋಕೆ ಇರುತ್ತಲ್ಲ, ಅಂಥದ್ದು. ಜನ ಅದಕ್ಕೂ ಬೆನ್ನು ತಿರುಗಿಸಿ ನಾಣ್ಯ ಎಸೆಯುತ್ತಿದ್ದರು. ಈಗ ರಿಪೇರಿ ಮುಗಿದಿದೆ. ಆದರೆ ಆ ಜನಸಂದಣಿ ರಿಪೇರಿ ಆಗಿರಲಾರದು. ಬೆಳಗ್ಗೆ 7ಕ್ಕೆ ಹೋಗಿ, ಇಲ್ಲ ಬಿಟ್ಟುಬಿಡಿ.

ಅದರ ಬದಲು ನವೋನ ಹತ್ತಿರ ಸಾನ್ ಲುಯಿಜಿ ದೇ ಫ್ರಾಂಚೇಸಿ ಅನ್ನುವ ಚರ್ಚಿಗೆ ಹೋಗಿ. ಪುಕ್ಕಟೆ. ಎಡಗಡೆಯ ಕೊನೆಯ ಗೂಡಿನಲ್ಲಿ ಕಾರವಾಜ್ಜೊ ಬರೆದ ಮೂರು ಚಿತ್ರಗಳಿವೆ, ಸಂತ ಮ್ಯಾಥ್ಯೂ ಕಥೆ. ಕತ್ತಲಲ್ಲಿ ಏನೂ ಕಾಣಲ್ಲ. ಪಕ್ಕದ ಡಬ್ಬಿಗೆ ನಾಣ್ಯ ಹಾಕಿದರೆ ದೀಪ ಹತ್ತುತ್ತದೆ. ಮೇಜಿನ ಸುತ್ತ ಕೂತು ದುಡ್ಡು ಎಣಿಸುತ್ತಿರುವ ಗಂಡಸರ ಮೇಲೆ ಚಿತ್ರದೊಳಗಿನ ಬೆಳಕೂ ಬಿದ್ದಿದೆ, ನಮ್ಮ ನಾಣ್ಯದ ಬೆಳಕೂ ಬಿದ್ದಿದೆ. ನೋಡುತ್ತಿರುವಾಗಲೇ ಟಪ್ ಅಂತ ಆರಿಹೋಗುತ್ತದೆ. ಚಿಲ್ಲರೆ ಇಟ್ಟುಕೊಳ್ಳಿ. ಮಧ್ಯಾಹ್ನ ಮುಚ್ಚುತ್ತಾರೆ.

ಊರೊಳಗೆ ಓಡಾಡೋಕೆ ಬಸ್ಸು, ಮೆಟ್ರೋ ಎರಡರಲ್ಲೂ ಬ್ಯಾಂಕ್ ಕಾರ್ಡ್ ತೋರಿಸಿದರೆ ಸಾಕು. ಟಿಕೆಟ್ 1.50 ಯೂರೋ, 100 ನಿಮಿಷ ನಡೆಯುತ್ತದೆ. ನಾವು ಮೂವರೂ ಬೇರೆ ಬೇರೆ ಕಾರ್ಡ್ ಬಳಸಿದೆವು. ಭಾರತದ ಕಾರ್ಡ್ ಆದರೆ ಹೊರಡುವ ಮುಂಚೆ ಆ್ಯಪ್‌ನಲ್ಲಿ ವಿದೇಶಿ ಬಳಕೆ, ಟ್ಯಾಪ್ ಎರಡೂ ಆನ್ ಮಾಡಿ. ಕಾಗದದ ಟಿಕೆಟ್ ತಗೊಂಡರೆ ಬಸ್ ಹತ್ತಿದ ತಕ್ಷಣ ಯಂತ್ರದಲ್ಲಿ ಮುದ್ರೆ ಹೊಡೆಸಬೇಕು. ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ. ಟೆರ್ಮಿನಿಯಿಂದ ವ್ಯಾಟಿಕನ್ ಕಡೆ ಹೋಗುವ 64ನೇ ನಂಬರ್ ಬಸ್ಸಿನಲ್ಲಿ ಬ್ಯಾಗು ಎದೆಗೆ ಹಾಕಿಕೊಳ್ಳಿ. ನನ್ನ ಹೆಂಡತಿಯ ಬ್ಯಾಗಿನ ಜಿಪ್ ಅರ್ಧ ತೆರೆದಿತ್ತು. ಎದುರು ಕೂತಿದ್ದ ಅಜ್ಜಿ ಕಣ್ಣಲ್ಲೇ ಸನ್ನೆ ಮಾಡಿದ್ದಕ್ಕೆ ಉಳಿಯಿತು.

ಸೋಮವಾರ ವಾಪಸ್ ಹೊರಟಾಗ ಬಸ್ಸಿನ ಮಾತೇ ಎತ್ತಲಿಲ್ಲ. ಟ್ಯಾಕ್ಸಿ ಸ್ಟ್ಯಾಂಡಿಗೆ ಹೋದೆವು. ಡ್ರೈವರ್ ಸೂಟ್‌ಕೇಸ್ ನೋಡಿ ಎಪ್ಪತ್ತು ಅಂದ. ನಿಗದಿ ದರ ಕಾರಿನ ಬಾಗಿಲ ಮೇಲೇ ಬರೆದಿರುತ್ತದೆ. ನಾನು ಬಾಯಿ ತೆರೆಯುವ ಮುಂಚೆ ಅಮ್ಮ ಅದರ ಮೇಲೆ ಬೆರಳಿಟ್ಟು, ಕನ್ನಡದಲ್ಲೇ "ಇದೇನಪ್ಪಾ ಇದು?" ಅಂದರು. ಅವನು ಏನೂ ಮಾತಾಡದೆ ಡಿಕ್ಕಿ ತೆಗೆದ.